ನೀಲಿ ಉರಿಯ ನಂಬಿಕೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಕಳ್ಳಭಟ್ಟಿಯ ಮಾತೆತ್ತಿದರೆ ಅದರ ಬೆನ್ನಿಗೇ ಒಂದು ನಂಬಿಕೆಯೂ ಬರುತ್ತದೆ. ಇಳಿಸುವವನ ಕೈ ಪಳಗಿರಬೇಕು, ಕೊಳೆ ಹಾಕಿದ ಬೆಲ್ಲ ಒಳ್ಳೆಯದಿರಬೇಕು, ಹಂಡೆಯಿಂದ ಮೊದಲು ತೊಟ್ಟಿಕ್ಕಿದ್ದನ್ನು ಚೆಲ್ಲಬೇಕು, ಆಮೇಲೆ ಇಳಿದದ್ದಕ್ಕೆ ಕಡ್ಡಿ ಗೀರಿದಾಗ ಉರಿ ನೀಲಿಯಾಗಿ ಏಳಬೇಕು. ಇಷ್ಟಾದರೆ ಆ ಸಾರಾಯಿ ಯಾರ ಜೀವಕ್ಕೂ ಕುತ್ತು ತರದು ಎಂಬುದು ಆ ನಂಬಿಕೆ. ಕುಡಿದು ಸತ್ತವರ ಸುದ್ದಿ ಬಂದಾಗಲೂ ನಂಬಿಕೆ ಅಲುಗುವುದಿಲ್ಲ. ಯಾರೋ ಅರೆಬರೆ ಗೊತ್ತಿದ್ದವನು ಅವಸರದಲ್ಲಿ ಇಳಿಸಿದ್ದನ್ನು ಕುಡಿದು ಸತ್ತಿರುತ್ತಾರೆ, ಸರಿಯಾಗಿ ಇಳಿಸಿದ್ದರೆ ಹಾಗಾಗುತ್ತಿರಲಿಲ್ಲ ಎಂದು ಜನ ಸಮಾಧಾನ ಹೇಳಿಕೊಳ್ಳುತ್ತಾರೆ. ಇದು ಬೆಟ್ಟದ ತಪ್ಪಲಿನಲ್ಲಿ ಕುಡಿಯುವ ಕೂಲಿಯವರ ಮಾತಷ್ಟೇ ಅಲ್ಲ. ಬೆಂಗಳೂರಿಂದ ಈ ಕಡೆ ತೋಟದ ಮನೆ ಮಾಡಿಕೊಂಡು, ಫೋನಿನಲ್ಲಿ ವಿಡಿಯೋ ನೋಡಿ ಮನೆಯಲ್ಲೇ ಮದ್ಯ ಇಳಿಸಬಹುದು ಎಂದುಕೊಳ್ಳುವ ಓದಿದವರೂ ಇದನ್ನೇ ಮುನ್ನೆಚ್ಚರಿಕೆ ಎಂದು ಕರೆಯುತ್ತಾರೆ. ಪತ್ರಿಕೆಗಳು ‘ಕಳ್ಳಭಟ್ಟಿ ಕುಡಿದು ಸಾವು’ ಎಂದು ಬರೆಯುವಾಗಲೂ, ಅಧಿಕಾರಿಗಳು ಹಂಡೆ ಒಡೆದು ಕೊಳೆ ಚೆಲ್ಲಿಸುವಾಗಲೂ ಒಳಗಿರುವುದು ಇದೇ ತಿಳಿವಳಿಕೆ: ವಿಷ ಹುಟ್ಟುವುದು ಹಂಡೆಯಲ್ಲಿ. ಈ ತಿಳಿವಳಿಕೆ ತಪ್ಪು. ಅದರಿಂದ ಹುಟ್ಟಿದ ಎಚ್ಚರಿಕೆಗಳು ಕುಡಿಯುವವನನ್ನು ಕಾಯುವುದಿಲ್ಲ. ವಿಷದ ಲೋಟಕ್ಕೇ ಒಳ್ಳೆಯದೆಂಬ ಮುದ್ರೆ ಒತ್ತಿ ಅವನ ಕೈಗೆ ಕೊಡುತ್ತವೆ.

ಮೊದಲು ಉರಿಯ ಪರೀಕ್ಷೆಯನ್ನೇ ನೋಡೋಣ. ಸಾರಾಯಿಗೆ ಬೆಂಕಿ ತಾಕಿಸಿದಾಗ ಅದು ಹೊತ್ತಿಕೊಂಡರೆ ತಿಳಿಯುವುದು ಒಂದೇ ಸಂಗತಿ: ಅದರಲ್ಲಿ ನೀರಿನ ಜೊತೆ ಉರಿಯುವ ದ್ರವದ ಅಂಶವೂ ಸಾಕಷ್ಟಿದೆ. ಆ ದ್ರವ ಯಾವುದು ಎಂಬುದನ್ನು ಉರಿ ಹೇಳುವುದಿಲ್ಲ. ನಾವು ಕುಡಿಯುವ ಆಲ್ಕೊಹಾಲು ಎಥನಾಲ್. ಜೀವ ತೆಗೆಯುವುದು ಮೆಥನಾಲ್. ಎರಡೂ ಬಣ್ಣವಿಲ್ಲದ, ನೀರಿನಲ್ಲಿ ಪೂರ್ತಿ ಬೆರೆಯುವ ದ್ರವಗಳು, ಎರಡೂ ಉರಿಯುತ್ತವೆ. ಮೆಥನಾಲಿನ ಉರಿ ಎಥನಾಲಿನ ಉರಿಗಿಂತಲೂ ತಿಳಿಯಾದ ನೀಲಿ, ಬಿಸಿಲಿನಲ್ಲಿ ಕಣ್ಣಿಗೇ ಕಾಣದಷ್ಟು ತಿಳಿ. ಅಂದರೆ ನೀಲಿ ಉರಿಯನ್ನು ಶುದ್ಧತೆಯ ಗುರುತೆಂದು ಹಿಡಿದವನು ಮೆಥನಾಲ್ ಬೆರೆತ ಸಾರಾಯಿಯನ್ನೇ ಹೆಚ್ಚು ಶುದ್ಧವೆಂದು ಮೆಚ್ಚುತ್ತಾನೆ. ಬಾಟಲಿ ಕುಲುಕಿ ನೊರೆಯ ಮಣಿಗಳು ಎಷ್ಟು ಹೊತ್ತು ನಿಲ್ಲುತ್ತವೆ ಎಂದು ನೋಡುವ ಪರೀಕ್ಷೆಯೂ ಇಂಥದ್ದೇ, ಅದು ಖಾರ ಎಷ್ಟಿದೆ ಎಂದು ಅಂದಾಜಿಸುತ್ತದೆ ಅಷ್ಟೆ. ಮೂಗು ನಾಲಿಗೆಗಳನ್ನು ನಂಬುವವರೂ ಮೋಸ ಹೋಗುತ್ತಾರೆ. ಮೆಥನಾಲಿನ ವಾಸನೆ ಸೌಮ್ಯ, ಕಳ್ಳಭಟ್ಟಿಯ ಗಬ್ಬುನಾತ ಅದಕ್ಕಿಲ್ಲ. ಕೆಟ್ಟ ಸಾರಾಯಿಗೆ ಅದನ್ನು ಬೆರೆಸಿದಾಗ ನಾತ ಕಡಿಮೆಯಾಗಿ ಮಾಲು ನಯವಾದಂತೆ ತೋರುತ್ತದೆ. ಹಳ್ಳಿಯ ಕೈಗೆ ಎಟುಕುವ ಯಾವ ಪರೀಕ್ಷೆಯೂ ಈ ಎರಡನ್ನು ಬೇರ್ಪಡಿಸಲಾರದು. ಅದಕ್ಕೆ ಪ್ರಯೋಗಾಲಯವೇ ಬೇಕು.

ಮೊದಲ ಲೋಟ ಚೆಲ್ಲುವ ನಿಯಮಕ್ಕೆ ವಿಜ್ಞಾನದ ಬೆಂಬಲವಿದೆ ಎಂದು ಓದಿದವರು ವಾದಿಸುತ್ತಾರೆ. ಮೆಥನಾಲ್ ಕುದಿಯುವುದು ಸುಮಾರು 65 ಡಿಗ್ರಿಯಲ್ಲಿ, ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ. ಆದ್ದರಿಂದ ಮೆಥನಾಲ್ ಮೊದಲು ಆವಿಯಾಗಿ ಹೊರಬೀಳುತ್ತದೆ, ಅದನ್ನು ಚೆಲ್ಲಿದರೆ ಉಳಿದದ್ದು ಒಳ್ಳೆಯದು. ಕೇಳಲು ಸರಿಯೆನಿಸುವ ಈ ಲೆಕ್ಕ ಹಂಡೆಯೊಳಗೆ ನಡೆಯುವುದಿಲ್ಲ. ಬೆರೆತ ದ್ರವಗಳು ಒಂದಾದ ಮೇಲೊಂದು ತಮ್ಮ ತಮ್ಮ ಕುದಿಬಿಂದುವಿಗೆ ಕಾದು ಹೊರಡುವುದಿಲ್ಲ, ಎಲ್ಲವೂ ಸೇರಿ ಒಂದೇ ಮಿಶ್ರಣವಾಗಿ ಕುದಿಯುತ್ತವೆ. ಹಂಡೆಯಲ್ಲಿ ಹೆಚ್ಚಿನ ಪಾಲು ನೀರು, ಮೆಥನಾಲಿಗೆ ನೀರನ್ನು ಹಿಡಿದುಕೊಳ್ಳುವ ಗುಣ ಬಲವಾಗಿದೆ. ಹೀಗಾಗಿ ಸಾದಾ ಹಂಡೆಯಲ್ಲಿ ಅದು ಮೊದಲ ಹನಿಯಿಂದ ಕೊನೆಯ ಹನಿಯವರೆಗೂ ಸಾರಾಯಿಯ ಜೊತೆಗೇ ಇಳಿಯುತ್ತಿರುತ್ತದೆ. ದೊಡ್ಡ ಡಿಸ್ಟಿಲರಿಗಳು ಅದನ್ನು ಬೇರ್ಪಡಿಸಲು ಹತ್ತಾರು ತಟ್ಟೆಗಳಿರುವ ಎತ್ತರದ ಗೋಪುರಗಳನ್ನು ಕಟ್ಟಿಕೊಂಡಿರುವುದು ಈ ಕಾರಣಕ್ಕೇ. ಮೊದಲ ಲೋಟದಲ್ಲಿ ಹೆಚ್ಚಾಗಿ ಇರುವುದು ಮೂಗಿಗೆ ಅಡರುವ ಅಸಿಟಾಲ್ಡಿಹೈಡ್, ಇಥೈಲ್ ಅಸಿಟೇಟ್‌ನಂಥ ವಸ್ತುಗಳು. ಅವನ್ನು ಚೆಲ್ಲಿದರೆ ರುಚಿ ಸುಧಾರಿಸುತ್ತದೆ ನಿಜ. ರುಚಿ ಸುಧಾರಿಸಿದ್ದನ್ನೇ ವಿಷ ಹೋಯಿತು ಎಂದು ತಿಳಿಯುವುದರಲ್ಲಿ ಅಪಾಯವಿದೆ.

ಇಷ್ಟಾದ ಮೇಲೆ ನಿಜವಾದ ಪ್ರಶ್ನೆಗೆ ಬರಬೇಕು. ಬೆಲ್ಲದ ಕೊಳೆಯಲ್ಲಿ ಮೆಥನಾಲ್ ಹುಟ್ಟುವುದಾದರೂ ಎಷ್ಟು? ಬೆಲ್ಲ, ಸಕ್ಕರೆ, ಧಾನ್ಯ ಹುದುಗಿದಾಗ ಹುಟ್ಟುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಮೆಥನಾಲ್ ಹುಟ್ಟುವುದು ಪೆಕ್ಟಿನ್ ಎಂಬ ವಸ್ತು ಒಡೆದಾಗ, ಅದು ಹೆಚ್ಚಿರುವುದು ಹಣ್ಣಿನ ಸಿಪ್ಪೆ ತಿರುಳುಗಳಲ್ಲಿ. ಮಾವಿಗೆ ಹೆಸರಾದ ಈ ಸೀಮೆಯಲ್ಲಿ ಉದುರಿದ ಹಣ್ಣನ್ನು ಹುದುಗಿಸಿ ಇಳಿಸಿದರೆ ಬೆಲ್ಲದ ಸಾರಾಯಿಗಿಂತ ಹೆಚ್ಚು ಮೆಥನಾಲ್ ಇದ್ದೀತು. ಆದರೂ ಎಷ್ಟು ಹೆಚ್ಚು ಎಂಬುದನ್ನು ಅಳೆದು ನೋಡಬೇಕು. ಯುರೋಪಿನ ಒಕ್ಕೂಟ ಹಣ್ಣಿನ ಮದ್ಯಗಳಿಗೆ ಸಾಮಾನ್ಯವಾಗಿ ಇಟ್ಟಿರುವ ಮಿತಿ 100 ಲೀಟರ್ ಶುದ್ಧ ಆಲ್ಕೊಹಾಲಿಗೆ 1000 ಗ್ರಾಂ ಮೆಥನಾಲ್. ಆ ಮಿತಿಯ ತುತ್ತತುದಿಯಲ್ಲಿರುವ, ಶೇ 40ರ ಖಾರದ ಮದ್ಯ ಒಂದು ಕ್ವಾರ್ಟರ್, ಅಂದರೆ 180 ಮಿಲಿಲೀಟರ್ ಕುಡಿದರೂ ಹೊಟ್ಟೆಗೆ ಹೋಗುವ ಮೆಥನಾಲ್ ಒಂದು ಮಿಲಿಲೀಟರಿಗಿಂತ ಕಡಿಮೆ. ಶುದ್ಧ ಮೆಥನಾಲ್ 10 ಮಿಲಿಲೀಟರ್ ಹೋದರೆ ಕಣ್ಣು ಹೋಗಬಹುದು, 30 ಮಿಲಿಲೀಟರ್ ಹೋದರೆ ಜೀವ ಹೋಗಬಹುದು. ಒಂದೇ ರಾತ್ರಿಯಲ್ಲಿ ಹತ್ತಾರು ಜನ ಸಾಯಬೇಕಾದರೆ ಆ ಕ್ವಾರ್ಟರಿನಲ್ಲಿ ಆರನೇ ಒಂದು ಪಾಲಾದರೂ ಮೆಥನಾಲ್ ಇರಬೇಕು. ಯಾವ ಬೆಲ್ಲದ ಕೊಳೆಯೂ, ಯಾವ ಮಾವಿನ ಕೊಳೆಯೂ, ಇಳಿಸುವವನು ಎಷ್ಟೇ ದಡ್ಡನಾದರೂ, ಅಷ್ಟು ಮೆಥನಾಲ್ ಕೊಡಲಾರದು. ಅದು ಹೊರಗಿನಿಂದ, ಕ್ಯಾನಿನಲ್ಲಿ ಬಂದದ್ದು. ಬಣ್ಣ, ತಿನ್ನರ್, ರಾಳ, ಔಷಧ ತಯಾರಿಸುವ ಕಾರ್ಖಾನೆಗಳಿಗೆಂದು ಬಂದ ಕಚ್ಚಾವಸ್ತು, ದಾರಿಯಲ್ಲೋ ಗೋದಾಮಿನಲ್ಲೋ ಕೈಬದಲಾಗಿ ಸಾರಾಯಿಗೆ ಸೇರಿದ್ದು.

ಇದು ಬರಿಯ ಲೆಕ್ಕಾಚಾರವಲ್ಲ. 2022ರ ಜುಲೈನಲ್ಲಿ ಗುಜರಾತಿನ ಬೋಟಾದ್ ಸೀಮೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಯಾರೂ ಏನನ್ನೂ ಇಳಿಸಿರಲಿಲ್ಲ. ಅಹಮದಾಬಾದಿನ ಗೋದಾಮೊಂದರಿಂದ ಕದ್ದ ಮೆಥನಾಲಿಗೆ ನೀರು ಬೆರೆಸಿ ಮಾರಿದ್ದರು ಎಂದು ತನಿಖೆ ಹೇಳಿತು. 2023ರ ಮೇ ತಿಂಗಳಲ್ಲಿ ತಮಿಳುನಾಡಿನ ಮರಕ್ಕಾಣಂ ಮತ್ತು ಚೆಂಗಲ್‌ಪಟ್ಟಿನ ಕಡೆ 20ಕ್ಕೂ ಹೆಚ್ಚು ಜನ ಸತ್ತಾಗ ಆ ರಾಜ್ಯದ ಪೊಲೀಸ್ ಮುಖ್ಯಸ್ಥರೇ, ಜನ ಕುಡಿದದ್ದು ಕಾಯಿಸಿದ ಸಾರಾಯಿಯಲ್ಲ, ಕಾರ್ಖಾನೆಗಳ ಮೆಥನಾಲ್ ಎಂದು ಹೇಳಿದರು. ಮರುವರ್ಷ ಜೂನಿನಲ್ಲಿ ಅದೇ ರಾಜ್ಯದ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಹೋದರು, ಅಲ್ಲಿಯೂ ಮೆಥನಾಲೇ. ಬಡತನಕ್ಕೂ ಗುಡಿಸಲಿಗೂ ಇದನ್ನು ಗಂಟುಹಾಕುವವರು 2012ರ ಜೆಕ್ ಗಣರಾಜ್ಯವನ್ನು ನೆನೆಯಬೇಕು. ಲೇಬಲ್ ಹಚ್ಚಿದ ಬಾಟಲಿಗಳಲ್ಲೇ ಮೆಥನಾಲ್ ಬೆರೆತು ಹತ್ತಾರು ಜನ ಸತ್ತು, ಸರ್ಕಾರ ಆ ಸೆಪ್ಟೆಂಬರಿನಲ್ಲಿ ಶೇ 20ಕ್ಕಿಂತ ಖಾರವಾದ ಮದ್ಯದ ಮಾರಾಟವನ್ನೇ ಕೆಲವು ದಿನ ದೇಶದಾದ್ಯಂತ ನಿಲ್ಲಿಸಬೇಕಾಯಿತು. ಇಷ್ಟು ಕಡೆ, ಇಷ್ಟು ಬೇರೆ ಬೇರೆ ಜನರ ನಡುವೆ, ಹಂಡೆ ಕಾಯಿಸಿದವನ ಕೈಚಳಕಕ್ಕೂ ಸಾವಿಗೂ ಯಾವ ಸಂಬಂಧವೂ ಕಂಡಿಲ್ಲ.

ನಮ್ಮದೇ ನಾಡಿನ ಎರಡು ದುರಂತಗಳು ಇದಕ್ಕಿಂತ ಗಟ್ಟಿಯಾದ ಸಾಕ್ಷಿ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ, ವಿಧಾನಸಭಾ ಚುನಾವಣೆಯ ಹೊತ್ತಿನಲ್ಲೇ, ಬೆಂಗಳೂರು, ಆನೇಕಲ್, ಕೋಲಾರದ ಕಡೆ ಮತ್ತು ಗಡಿಯಾಚೆ ಹೊಸೂರು, ಕೃಷ್ಣಗಿರಿಯ ಹಳ್ಳಿಗಳಲ್ಲಿ ಒಟ್ಟು 150ಕ್ಕೂ ಹೆಚ್ಚು ಜನ ಸತ್ತರು. ಆನೇಕಲ್ ಕನಕಪುರ ಸೀಮೆಯ ನೆರೆ, ಕೃಷ್ಣಗಿರಿ ಜಿಲ್ಲೆಯ ಕಾಡು ಕನಕಪುರದ ಕಾಡಿನೊಂದಿಗೆ ಕೂಡಿಕೊಂಡಿದೆ. ಈ ಕಡೆಯವರು ಅದನ್ನು ದೂರದ ಊರಿನ ಸುದ್ದಿ ಎಂದು ಓದುವಂತಿಲ್ಲ. ಎರಡು ದುರಂತಗಳ ನಡುವೆ 27 ವರ್ಷಗಳ ಅಂತರವಿದೆ. ಅಷ್ಟರಲ್ಲಿ ಸಾರಾಯಿಯ ಕಾನೂನು ಬದಲಾಯಿತು, ಗುತ್ತಿಗೆಯ ವ್ಯವಸ್ಥೆ ಹೋಯಿತು, ಊರುಗಳ ಗಾತ್ರ ಬದಲಾಯಿತು. ಬದಲಾಗದೆ ಉಳಿದದ್ದು ಮೆಥನಾಲ್ ಕಳ್ಳದಾರಿಯಲ್ಲಿ ಸಿಗುವುದು ಮಾತ್ರ.

ಇಲ್ಲಿ ಒಂದು ಬಲವಾದ ಆಕ್ಷೇಪ ಎದುರಾಗುತ್ತದೆ, ಅದು ಈ ಜಿಲ್ಲೆಯಲ್ಲಿ ರಾಜಕೀಯದ ಮಾತೂ ಹೌದು. ಸರ್ಕಾರ ಸಾರಾಯಿ ನಿಲ್ಲಿಸಿದ್ದರಿಂದಲೇ ಜನ ಕಳ್ಳಭಟ್ಟಿಗೆ ಹೋದರು, ಪ್ಯಾಕೆಟ್ ಸಾರಾಯಿ ಮತ್ತೆ ಬಂದರೆ ಸಾವು ನಿಲ್ಲುತ್ತದೆ ಎಂಬುದು ಆ ಆಕ್ಷೇಪ. ನಿಷೇಧ ಜಾರಿಗೆ ಬಂದದ್ದು 2007ರ ಜುಲೈ 1ರಂದು. ಆಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿ ರಾಮನಗರದ ಶಾಸಕರಾಗಿದ್ದರು. ಆ ಆಗಸ್ಟಿನಲ್ಲೇ ರಾಮನಗರ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಜಿಲ್ಲೆಯಾಯಿತು, ಈಗ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರು. ನಿಷೇಧಕ್ಕೆ ವರ್ಷ ತುಂಬುವ ಮುನ್ನವೇ 2008ರ ದುರಂತ ನಡೆದದ್ದು ನಿಜ, ಅಗ್ಗದ ಮದ್ಯ ಕಾಣೆಯಾದಾಗ ಕಳ್ಳಮಾಲಿಗೆ ಗಿರಾಕಿ ಹೆಚ್ಚಿದ್ದೂ ನಿಜವೆಂದು ಒಪ್ಪಬೇಕು. ಆದರೆ 1981ರಲ್ಲಿ ಸಾರಾಯಿ ನಿಷೇಧವಿರಲಿಲ್ಲ. ಊರೂರಿನಲ್ಲಿ ಲೈಸೆನ್ಸ್ ಪಡೆದ ಸಾರಾಯಿ ಅಂಗಡಿಗಳು ತೆರೆದಿದ್ದವು. ಅಂಥ ಕಾಲದಲ್ಲೇ 2008ರ ಹೆಚ್ಚುಕಡಿಮೆ ಎರಡರಷ್ಟು ಜನ ಒಂದೇ ನಗರದಲ್ಲಿ ಸತ್ತರು. ಸರ್ಕಾರಿ ಸಾರಾಯಿಗೆ ತೆರಿಗೆ ಇರುವವರೆಗೆ ಅದಕ್ಕಿಂತ ಅಗ್ಗದ ಕಳ್ಳಮಾಲಿಗೆ ಜಾಗ ಇದ್ದೇ ಇರುತ್ತದೆ. ಮೆಥನಾಲಿಗೆ ಅಬಕಾರಿ ಸುಂಕವಿಲ್ಲ, ಕೊಳೆ ಹಾಕಿ ವಾರ ಕಾಯುವ ಕಷ್ಟವಿಲ್ಲ, ಸೌದೆ ಬೇಡ, ಹೊಗೆ ಎದ್ದು ಸಿಕ್ಕಿಬೀಳುವ ಭಯವಿಲ್ಲ. ಸಾರಾಯಿ ತರುವುದೋ ಬಿಡುವುದೋ ಬೇರೆ ಕಾರಣಗಳಿಗಾಗಿ ಚರ್ಚಿಸಬೇಕಾದ ವಿಷಯ. ಕುಡಿದು ಸಾಯುವುದನ್ನು ತಡೆಯುವ ಉಪಾಯವೆಂದು ಅದನ್ನು ಮುಂದಿಡುವುದು ಇತಿಹಾಸ ಒಪ್ಪದ ಮಾತು.

ಇನ್ನೊಂದು ಆಕ್ಷೇಪ ಹಿರಿಯರ ಹೆಸರಿನಲ್ಲಿ ಬರುತ್ತದೆ. ನಮ್ಮ ತಾತಂದಿರು ಸಾವನದುರ್ಗದ ಬುಡದಲ್ಲಿ, ಕಬ್ಬಾಳು ಕಾಡಿನ ಅಂಚಿನಲ್ಲಿ ಬಿಳಿಜಾಲಿಯ ತೊಗಟೆ, ಬೆಲ್ಲ ಹಾಕಿ ಇಳಿಸಿದ್ದನ್ನೇ ಕುಡಿದರು, ಯಾರೂ ಕುರುಡಾಗಲಿಲ್ಲ, ಅವರಿಗೆ ಇಳಿಸುವ ವಿದ್ಯೆ ಗೊತ್ತಿತ್ತು ಎನ್ನುತ್ತಾರೆ. ಮೊದಲ ಅರ್ಧವನ್ನು ಸುಲಭವಾಗಿ ಒಪ್ಪಬಹುದು. ಒಪ್ಪಿದೊಡನೆ ಎರಡನೇ ಅರ್ಧ ಬಿದ್ದುಹೋಗುತ್ತದೆ. ತಾತಂದಿರು ಕುರುಡಾಗದಿದ್ದುದು ಉರಿ ನೋಡಿದ್ದರಿಂದಲ್ಲ, ಮೊದಲ ಲೋಟ ಚೆಲ್ಲಿದ್ದರಿಂದಲೂ ಅಲ್ಲ. ಬೆಲ್ಲದ ಕೊಳೆಯಲ್ಲಿ ಕೇಡು ಮಾಡುವಷ್ಟು ಮೆಥನಾಲ್ ಇರಲಿಲ್ಲ, ಊರಿನ ಪಕ್ಕದಲ್ಲಿ ಮೆಥನಾಲ್ ಮಾರುವವರೂ ಇರಲಿಲ್ಲ. ಅವರು ಪಾಲಿಸಿದ ಶಾಸ್ತ್ರ ಯಾವ ಕೆಲಸವನ್ನೂ ಮಾಡಬೇಕಾಗಿ ಬರಲಿಲ್ಲ, ಹಾಗಾಗಿ ಅದು ಸೋತದ್ದೂ ಗೊತ್ತಾಗಲಿಲ್ಲ. ಈಗ ಕಾಲ ಬೇರೆ. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ, ಬಿಡದಿ, ಹಾರೋಹಳ್ಳಿಯಂಥ ಕೈಗಾರಿಕಾ ಪ್ರದೇಶಗಳ ಸುತ್ತ ಎಲ್ಲ ಬಗೆಯ ದ್ರಾವಕಗಳ ವಹಿವಾಟಿಗೆ ದಾರಿ ತೆರೆದಿರುವ ಹೊತ್ತಿನಲ್ಲಿ ತಾತನ ಪರೀಕ್ಷೆಯನ್ನು ಮೊಮ್ಮಗನ ಲೋಟಕ್ಕೆ ಹಿಡಿಯುವುದು ಹಗ್ಗದ ಗಂಟು ನೋಡಿ ಕರೆಂಟಿನ ತಂತಿ ಮುಟ್ಟಿದಂತೆ.

ಆದರೂ ಈ ನಂಬಿಕೆ ಅನುಭವದ ಏಟಿಗೆ ಯಾಕೆ ಸಾಯುವುದಿಲ್ಲ? ಒಂದೇ ಕ್ಯಾನಿನಿಂದ ಕುಡಿದ ಹತ್ತು ಜನರಲ್ಲಿ ಮೂವರು ಸತ್ತು, ಒಬ್ಬ ಕಣ್ಣು ಕಳೆದುಕೊಂಡು, ಉಳಿದವರು ಎದ್ದು ಓಡಾಡುವುದನ್ನು ಜನ ಕಾಣುತ್ತಾರೆ. ಮಾಲಿನಲ್ಲಿ ವಿಷವಿದ್ದರೆ ಎಲ್ಲರೂ ಸಾಯಬೇಕಿತ್ತಲ್ಲ, ಸತ್ತವನ ಒಡಲೇ ಸರಿಯಿರಲಿಲ್ಲವೇನೋ ಎಂದು ತೀರ್ಮಾನಿಸುತ್ತಾರೆ. ಇದಕ್ಕೆ ಒಳಗಿನ ಕಾರಣ ಬೇರೆಯೇ ಇದೆ. ಮೆಥನಾಲ್ ತಾನಾಗಿಯೇ ಅಷ್ಟು ಕೆಡುಕಿನದಲ್ಲ. ಪಿತ್ತಜನಕಾಂಗದ ಕಿಣ್ವವೊಂದು ಅದನ್ನು ಫಾರ್ಮಾಲ್ಡಿಹೈಡ್ ಆಗಿಯೂ ಮತ್ತೊಂದು ಕಿಣ್ವ ಆ ಫಾರ್ಮಾಲ್ಡಿಹೈಡನ್ನು ಫಾರ್ಮಿಕ್ ಆಮ್ಲವಾಗಿಯೂ ಮಾರ್ಪಡಿಸುತ್ತದೆ. ಕಣ್ಣಿನ ನರವನ್ನು ಸುಡುವುದೂ ರಕ್ತವನ್ನು ಆಮ್ಲವಾಗಿಸಿ ಉಸಿರು ಕಟ್ಟಿಸುವುದೂ ಈ ಫಾರ್ಮಿಕ್ ಆಮ್ಲ. ಅದೇ ಮೊದಲ ಕಿಣ್ವವೇ ಎಥನಾಲನ್ನೂ ಕರಗಿಸಬೇಕು, ಮತ್ತು ಅದಕ್ಕೆ ಎಥನಾಲಿನ ಮೇಲೆಯೇ ಹೆಚ್ಚು ಒಲವು. ಎರಡೂ ಒಟ್ಟಿಗೆ ಹೋದಾಗ ಅದು ಎಥನಾಲಿನ ಕೆಲಸ ಮುಗಿಸುವವರೆಗೂ ಮೆಥನಾಲನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಹೀಗಾಗಿ ಸಾರಾಯಿಗೆ ಸ್ವಲ್ಪ ಮೆಥನಾಲ್ ಬೆರೆಸಿದ್ದನ್ನು ಕುಡಿದವನು ಆ ರಾತ್ರಿ ಎಂದಿನಂತೆ ಅಮಲೇರಿ ಮಲಗುತ್ತಾನೆ. ಮರುದಿನವೂ ಮುಂದುವರಿಸಿ ಕುಡಿದರೆ ಇನ್ನೂ ತಡವಾಗುತ್ತದೆ. ಕುಡಿಯುವುದು ನಿಂತ ಮೇಲೆ ಕಿಣ್ವ ಮೆಥನಾಲಿಗೆ ತಿರುಗುತ್ತದೆ, ಒಂದು ದಿನವೋ ಎರಡು ದಿನವೋ ಕಳೆದ ಮೇಲೆ ಹೊಟ್ಟೆನೋವು, ವಾಂತಿ, ಕಣ್ಣಿಗೆ ಮಂಜು ಕವಿದಂತಾಗುವುದು ಶುರುವಾಗುತ್ತದೆ. ಅಷ್ಟರಲ್ಲಿ ಕುಡಿದದ್ದಕ್ಕೂ ಕಣ್ಣಿಗೂ ಇರುವ ಕೊಂಡಿ ಮನೆಯವರ ಮನಸ್ಸಿನಲ್ಲಿ ಕಡಿದುಹೋಗಿರುತ್ತದೆ. ಯಾರು ಎಷ್ಟು ಕುಡಿದರು, ಎಥನಾಲ್ ಜೊತೆಗೆಷ್ಟು ಹೋಯಿತು, ಯಾವಾಗ ನಿಲ್ಲಿಸಿದರು ಎಂಬುದರ ಮೇಲೆ ಸಾವು ಬದುಕು ಹಂಚಿಹೋಗುತ್ತದೆ. ಬದುಕಿದವನು ತನ್ನ ಪರೀಕ್ಷೆ ಫಲಿಸಿತೆಂದು ನಂಬುತ್ತಾನೆ, ಸತ್ತವನು ಬಂದು ಅಲ್ಲವೆನ್ನಲಾರ. ಮಜ್ಜಿಗೆ, ನಿಂಬೆಹಣ್ಣು, ಹುಣಸೆಹುಳಿ ಕೊಟ್ಟರೆ ಇಳಿಯುತ್ತದೆ ಎಂಬ ಮನೆಮದ್ದುಗಳೂ ಈ ತಡದ ನೆರಳಿನಲ್ಲೇ ಬದುಕಿವೆ. ಅವು ಅಮಲಿಗೆ ಕೊಟ್ಟ ಮದ್ದು. ಕುಡಿದ ಒಂದೆರಡು ಗಂಟೆಯೊಳಗೆ ರಕ್ತಕ್ಕೆ ಸೇರಿಹೋದ ಮೆಥನಾಲನ್ನು ಹುಳಿ ಏನೂ ಮಾಡಲಾರದು.

ಈಗ ಅತ್ಯಂತ ಪ್ರಾಮಾಣಿಕವಾದ ಆಕ್ಷೇಪ. ಹಂಡೆಯಲ್ಲಿ ವಿಷವೇ ಹುಟ್ಟುವುದಿಲ್ಲವೆಂದ ಮೇಲೆ, ಬೇರೆಯವರ ಕ್ಯಾನು ಸೇರಿಸದೆ ತನ್ನ ಪಾಡಿಗೆ ತನ್ನ ಮನೆಯಲ್ಲಿ ಇಳಿಸಿಕೊಂಡವನಿಗೆ ಏನು ಅಪಾಯ? ನ್ಯೂಜಿಲೆಂಡಿನಲ್ಲಿ 1996ರಿಂದ ಸ್ವಂತ ಬಳಕೆಗೆ ಇಳಿಸಿಕೊಳ್ಳುವುದು ಕಾನೂನಿನ ಪ್ರಕಾರವೇ ಸರಿ, ಅಲ್ಲಿ ಜನ ಸಾಲುಗಟ್ಟಿ ಕುರುಡಾಗಲಿಲ್ಲ. ಈ ವಾದದಲ್ಲಿ ಸತ್ಯವಿದೆ, ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆದರೆ ಮೆಥನಾಲಿನ ಭಯವೇ ದೊಡ್ಡದಾಗಿ, ಹಂಡೆ ಬಳಿ ನಿಜವಾಗಿ ಇರುವ ಅಪಾಯಗಳು ಯಾರ ಬಾಯಲ್ಲೂ ಬರುವುದಿಲ್ಲ. ಶೇ 40ರ ಖಾರದ ಮದ್ಯದ ಆವಿ ಸುಮಾರು 26 ಡಿಗ್ರಿಯಲ್ಲೇ ಕಿಡಿ ಸೋಕಿದರೆ ಹೊತ್ತಿಕೊಳ್ಳಬಲ್ಲದು, ಹಂಡೆಯಿಂದ ಇಳಿಯುವುದು ಇನ್ನೂ ಖಾರ. ಆ ಆವಿ ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ, ಮೇಲೇರಿ ಹೋಗದೆ ನೆಲದ ಮಟ್ಟದಲ್ಲೇ ಹರಡಿ ಒಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಹುದುಗಿದ ಕೊಳೆ ಉಕ್ಕಿ ಕೊಳವೆಗೆ ಸಿಕ್ಕಿಕೊಂಡರೆ ಆವಿಗೆ ದಾರಿಯಿಲ್ಲದೆ ಹಂಡೆ ಸಿಡಿಯುತ್ತದೆ. ಸೌದೆ ಒಲೆಯ ಮೇಲೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಕದ್ದು ಕಾಯಿಸುವವನಿಗೆ ಇದಕ್ಕಿಂತ ಹತ್ತಿರದ ಸಾವು ಇಲ್ಲ, ಕದ್ದು ಕಾಯಿಸಬೇಕಾದ್ದರಿಂದಲೇ ಅವನು ಬಾಗಿಲು ಮುಚ್ಚಿರುತ್ತಾನೆ. ಪಾತ್ರೆಯ ವಿಷ ಇನ್ನೊಂದು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹಳೆಯ ಕಾರುಗಳ ರೇಡಿಯೇಟರುಗಳನ್ನು ಆವಿ ತಣಿಸಲು ಬಳಸಿದವರು ಅದರ ಬೆಸುಗೆಯ ಸೀಸ ಕುಡಿದು ಮೂತ್ರಪಿಂಡ ಕಳೆದುಕೊಂಡದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಮೊದಲು ಏನು ತುಂಬಿತ್ತೆಂದು ಗೊತ್ತಿಲ್ಲದ ಡ್ರಮ್ಮಿನಲ್ಲಿ, ನವಸಾಗರ, ಯೂರಿಯಾ ಸೇರಿಸಿದ ಕೊಳೆ ಕಾಯಿಸುವ ನಮ್ಮ ಕಡೆಯ ಅಭ್ಯಾಸ ಅದಕ್ಕಿಂತ ಶುದ್ಧವೆಂದು ಹೇಳಲು ಯಾವ ಆಧಾರವೂ ಇಲ್ಲ. ಇವೆಲ್ಲಕ್ಕೂ ಮೊದಲ ಲೋಟ ಚೆಲ್ಲುವುದಕ್ಕೂ ಏನೂ ಸಂಬಂಧವಿಲ್ಲ. ಇನ್ನು ಕಾನೂನು: 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಒಂದು ಬಾಟಲಿ ಇಳಿಸಿದರೂ ಅಪರಾಧ. ನ್ಯೂಜಿಲೆಂಡಿನವನು ಅಂಗಡಿಯಲ್ಲಿ ಕೊಂಡ ಸ್ಟೀಲ್ ಪಾತ್ರೆಯಲ್ಲಿ ಹಗಲಿನಲ್ಲಿ, ತೆರೆದ ಜಾಗದಲ್ಲಿ, ತನಗಾಗಿ ಮಾತ್ರ ಇಳಿಸುತ್ತಾನೆ. ನಮ್ಮ ಕಡೆ ‘ಮನೆಯದು’ ಎಂದು ಕರೆಯುವ ಸಾರಾಯಿ ಬಹುಪಾಲು ಕುಡಿಯುವವನ ಮನೆಯದಲ್ಲ, ಮಾರುವವನ ಮನೆಯದು. ಅದು ಎರಡು ಮೂರು ಕೈ ದಾಟಿ ಬರುವಾಗ ಯಾರ ಕೈಯಲ್ಲಿ ಕ್ಯಾನು ಸೇರಿತೆಂದು ಇಳಿಸಿದವನೂ ಹೇಳಲಾರ.

ಈ ತಪ್ಪು ತಿಳಿವಳಿಕೆ ಕುಡಿಯುವವನ ಮನೆಯಲ್ಲಷ್ಟೇ ಇದ್ದರೆ ಪ್ರಚಾರ ಮಾಡಿ ತಿದ್ದಬಹುದಿತ್ತು. ಅದು ಸರ್ಕಾರದ ಕೆಲಸದ ಕ್ರಮದೊಳಗೂ ಕೂತಿದೆ. ದಾಳಿಯ ವರದಿಗಳಲ್ಲಿ ಇಷ್ಟು ಲೀಟರ್ ಬೆಲ್ಲದ ಕೊಳೆ ನಾಶ, ಇಷ್ಟು ಲೀಟರ್ ಕಳ್ಳಭಟ್ಟಿ ವಶ ಎಂದು ಬರೆಯುತ್ತಾರೆ, ಸಿಬ್ಬಂದಿಯ ದಕ್ಷತೆಯನ್ನು ಆ ಲೀಟರುಗಳಿಂದ ಅಳೆಯುತ್ತಾರೆ. ಕೊಳೆ ಚೆಲ್ಲಿಸಬಾರದು ಎಂದು ನಾನು ಹೇಳುತ್ತಿಲ್ಲ, ಅದು ಅಪರಾಧವೇ. ಆದರೆ ಕೊಳೆಯಿಂದ ಯಾರೂ ರಾತ್ರೋರಾತ್ರಿ ಸಾಯುವುದಿಲ್ಲ. ಬೆಟ್ಟದ ಮೇಲಿನ ಹಂಡೆಯನ್ನು ಒಡೆದಾಗ ಮಾರುವವನು ಹೊಗೆಯೂ ನಾತವೂ ಇಲ್ಲದ ಕ್ಯಾನಿನ ಕಡೆಗೆ ತಿರುಗುವಂತೆ ನಾವೇ ತಳ್ಳುತ್ತಿದ್ದೇವೆ, ಬೆಲ್ಲದ ಸಾರಾಯಿಗಿಂತ ನೂರುಪಟ್ಟು ಕೆಟ್ಟದ್ದರ ಕಡೆಗೆ. ಕಣ್ಣಿಡಬೇಕಾದ ಜಾಗ ಮೆಥನಾಲಿನ ದಾಸ್ತಾನು ಪುಸ್ತಕ. ಎಷ್ಟು ಬಂತು, ಎಷ್ಟು ಬಳಕೆಯಾಯಿತು, ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಟ್ಯಾಂಕರಿನಿಂದ ಕೊನೆಯ ಕ್ಯಾನಿನವರೆಗೆ ಕೂಡಿಸಿ ನೋಡಬೇಕು. ಬೋಟಾದಿನಲ್ಲಿ ಕಳುವಾದದ್ದು ನೂರಾರು ಲೀಟರ್. ದಾಸ್ತಾನನ್ನು ವಾರಕ್ಕೊಮ್ಮೆ ಅಳೆಯುವ ಗೋದಾಮಿನಿಂದ ಅಷ್ಟು ಕಳುವಾದರೆ ಅಲ್ಲೇ ಗೊತ್ತಾಗಬೇಕು. ಇದರಿಂದ ಕೈಗಾರಿಕೆಗಳಿಗೆ ತೊಂದರೆಯಾಗುತ್ತದೆ ಎಂಬ ಮಾತು ಬರುತ್ತದೆ. ಔಷಧ ಮಾಡುವವನಿಗೆ ಅಪ್ಪಟ ಮೆಥನಾಲ್ ಬೇಕು ನಿಜ, ಅವನಿಗೆ ಅಪ್ಪಟವನ್ನೇ ಕೊಟ್ಟು ಲೆಕ್ಕ ಕೇಳಬಹುದು. ತಿನ್ನರ್, ಪಾಲಿಶ್, ಬಣ್ಣದ ಕೆಲಸಕ್ಕೆ ಹೋಗುವ ಮೆಥನಾಲಿಗೆ ಕಹಿಯನ್ನೂ ಬಣ್ಣವನ್ನೂ ಬೆರೆಸಿ ಕಳಿಸುವುದಕ್ಕೆ ಯಾವ ತಾಂತ್ರಿಕ ಅಡ್ಡಿಯೂ ಇಲ್ಲ. ಬಾಯಿಗಿಟ್ಟೊಡನೆ ಉಗಿಯುವಂತೆ ಮಾಡುವ ಕಹಿವಸ್ತುವನ್ನು ಪ್ರಪಂಚದಾದ್ಯಂತ ಕೈಗಾರಿಕಾ ಸ್ಪಿರಿಟ್‌ಗಳಿಗೆ ಸೇರಿಸುತ್ತಲೇ ಇದ್ದಾರೆ. ಮುನ್ನೆಚ್ಚರಿಕೆ ಎಂಬ ಹೆಸರಿಗೆ ಇದು ಯೋಗ್ಯ. ಕುಡಿಯುವವನು ಕಡ್ಡಿ ಗೀರಿ ಪತ್ತೆ ಹಚ್ಚಲಾರದ್ದನ್ನು ಅವನ ನಾಲಿಗೆ ತಾನಾಗಿಯೇ ಹೇಳುವಂತೆ ಇದು ಮಾಡುತ್ತದೆ.

ಉಳಿದದ್ದು ಆಸ್ಪತ್ರೆ. ಮೆಥನಾಲ್ ವಿಷಕ್ಕೆ ಮದ್ದಿದೆ, ಅದು ಹೊಸದೂ ಅಲ್ಲ. ಮೆಥನಾಲನ್ನು ಮಾರ್ಪಡಿಸುವ ಆ ಮೊದಲ ಕಿಣ್ವವನ್ನು ತಡೆಹಿಡಿಯುವ ಫೋಮೆಪಿಜೋಲ್ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅದು ಸಿಗದ ಕಡೆ ವೈದ್ಯರು ಅಳತೆ ಮಾಡಿ ಕೊಡುವ ಶುದ್ಧ ಎಥನಾಲೇ ಅದೇ ಕೆಲಸ ಮಾಡುತ್ತದೆ. ರಕ್ತದ ಆಮ್ಲವನ್ನು ತಗ್ಗಿಸಲು ಬೈಕಾರ್ಬನೇಟ್, ವಿಷವನ್ನು ಸೋಸಿ ತೆಗೆಯಲು ಡಯಾಲಿಸಿಸ್ ಇದೆ. ಇದನ್ನೆಲ್ಲ ಬೇಗ ಮಾಡಬೇಕು, ಫಾರ್ಮಿಕ್ ಆಮ್ಲ ಕಣ್ಣಿನ ನರವನ್ನು ಸುಟ್ಟ ಮೇಲೆ ಯಾವ ಮದ್ದೂ ನೋಟವನ್ನು ಮರಳಿ ತರಲಾರದು. ಕನಕಪುರದಿಂದಲೋ ಚನ್ನಪಟ್ಟಣದಿಂದಲೋ ಬೆಂಗಳೂರಿಗೆ 50, 60 ಕಿಲೋಮೀಟರ್, ಹಾದಿಯ ತುಂಬ ವಾಹನಗಳು. ತಾಲ್ಲೂಕು ಆಸ್ಪತ್ರೆಯಲ್ಲೇ ಮದ್ದು ಇರಬೇಕು, ಕುಡಿದು ಬಂದವನು ಕಣ್ಣು ಮಂಜು ಎಂದರೆ ಅಮಲೆಂದು ಮಲಗಿಸದೆ ಮೆಥನಾಲ್ ಇದ್ದೀತೆಂದು ಮೊದಲು ಶಂಕಿಸುವ ಅಭ್ಯಾಸ ಅಲ್ಲಿನ ಪ್ರತಿಯೊಬ್ಬ ವೈದ್ಯರಿಗೂ ನರ್ಸಿಗೂ ಇರಬೇಕು. ಮನೆಯವರು ಮಾಡಬೇಕಾದದ್ದೂ ಇಷ್ಟೇ: ಕುಡಿದ ಮರುದಿನವೋ ಅದರ ಮರುದಿನವೋ ಕಣ್ಣು ಮಸುಕಾದರೆ, ಉಸಿರು ಜೋರಾದರೆ, ಮಜ್ಜಿಗೆ ಕುಡಿಸುತ್ತ ಕೂರದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯುವುದು, ಜೊತೆಗೆ ಕುಡಿದವರನ್ನೂ ಅವರು ಚೆನ್ನಾಗಿಯೇ ಇದ್ದರೂ ಕರೆದೊಯ್ಯುವುದು. ಇಲ್ಲಿ ಭಯ ಅಡ್ಡ ಬರುತ್ತದೆ. ಕಳ್ಳಭಟ್ಟಿ ಇಟ್ಟುಕೊಳ್ಳುವುದೂ ಅಪರಾಧವಾದ್ದರಿಂದ ಏನು ಕುಡಿದೆ, ಎಲ್ಲಿ ತಂದೆ ಎಂದು ವೈದ್ಯರು ಕೇಳಿದಾಗ ರೋಗಿ ಬಾಯಿ ಬಿಡುವುದಿಲ್ಲ, ಅವನೊಂದಿಗೆ ಕುಡಿದವರು ಆಸ್ಪತ್ರೆಯ ಬಾಗಿಲಿಗೂ ಬರುವುದಿಲ್ಲ. ಕುಡಿದು ವಿಷವೇರಿ ಬಂದವನ ಮೇಲೆ ಅದಕ್ಕಾಗಿ ಪ್ರಕರಣ ಹೂಡುವುದಿಲ್ಲ, ಅವನು ಹೇಳಿದ್ದನ್ನು ಕ್ಯಾನು ಎಲ್ಲಿಂದ ಬಂತೆಂದು ಹುಡುಕಲು ಮಾತ್ರ ಬಳಸುತ್ತೇವೆ ಎಂದು ಸರ್ಕಾರ ಒಂದು ಸುತ್ತೋಲೆ ಹೊರಡಿಸಿ, ಅದನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಇದು ಕಳ್ಳಭಟ್ಟಿಗೆ ಕೊಟ್ಟ ಬೆಂಬಲ ಎಂದು ಆಕ್ಷೇಪಿಸುವವರಿಗೆ ಹೇಳಬೇಕಾದ್ದು ಇಷ್ಟೆ: ಮೊದಲ ರೋಗಿ ಬಾಯಿ ಬಿಟ್ಟ ಗಂಟೆಯಲ್ಲೇ ಆ ಕ್ಯಾನು ಸಿಕ್ಕರೆ, ಅದೇ ಕ್ಯಾನಿನಿಂದ ಆ ಸಂಜೆ ಕುಡಿಯಲಿರುವವರು ಬದುಕುತ್ತಾರೆ.